ಎರಡು ಮುಚ್ಚಳ ಔಷಧಿ

“ಬಾಯಿ ಆ ಕಡೆ ತಿರುಗಿಸೋ ಬೋಳಿಮಗನೇ! ನನ್ನ ಮುಖದ ಮೇಲೇ ಕೆಮ್ತೀಯಾ? ಇದೇನು ನಿಮ್ಮಪ್ಪನ ಮನೆ ಜಗಲಿ ಅಂದ್ಕೊಂಡ್ಯಾ?”

ಡಾಕ್ಟರು ಕುರ್ಚಿಯನ್ನು ಹಿಂದಕ್ಕೆ ದೂಡಿ ಎದ್ದೇಬಿಟ್ಟ. ಎದೆಗಿಡುವ ಕೊಳವೆ ಅವನ ಕೊರಳಲ್ಲೇ ನೇತಾಡುತ್ತಿತ್ತು. ಅದನ್ನು ನಮ್ಮ ಎದೆಗೆ ಮುಟ್ಟಿಸಿ ಎಷ್ಟು ವರ್ಷವಾಯಿತೋ ಅವನಿಗೂ ನೆನಪಿರಲಿಕ್ಕಿಲ್ಲ. ಎದುರಿನ ಸ್ಟೂಲಿನ ಮೇಲೆ ಕೂತಿದ್ದವನು ನನ್ನ ತಮ್ಮ. ಕೆಮ್ಮು ತಡೆಯಲು ಎರಡೂ ಕೈಯಿಂದ ಬಾಯಿ ಒತ್ತಿ ಹಿಡಿದಿದ್ದ. ಬೆರಳ ಸಂದಿಯಿಂದ ಬೂದು ಬಣ್ಣದ ಎಂಜಲು ಇಳಿದು, ಮೊಣಕೈ ದಾಟಿ, ನೆಲದ ಮೇಲೆ ಬಿದ್ದಿತ್ತು.

“ಏಯ್, ಒರೆಸೇ ಅದನ್ನ. ಫಿನಾಯಿಲ್ ಹಾಕಿ ಒರೆಸು,” ಅಂದ ನನಗೆ.

ನಾನು ಆ ಗಿರಣಿಯಲ್ಲಿ ಕಸ ಗುಡಿಸುವವಳು. ಡಾಕ್ಟರನ ಕೋಣೆಯೂ ನನ್ನ ಪಾಲಿನದೇ. ಬಗ್ಗಿ ಒರೆಸಿದೆ. ತಮ್ಮನ ಎಂಜಲನ್ನು ಅಕ್ಕ ಒರೆಸಿದರೆ ಏನೂ ಹೋಗುವುದಿಲ್ಲ. ಚಿಕ್ಕವನಿದ್ದಾಗ ಅವನ ಮೂಗು ಒರೆಸಿದ್ದೂ ನಾನೇ.

“ಗುರುವಾರ ತಪಾಸಣೆ ಸಾಹೇಬ್ರು ಬರ್ತಾರೆ,” ಡಾಕ್ಟರು ಮೂಗಿಗೆ ಕರವಸ್ತ್ರ ಹಿಡಿದು ಮಾತಾಡಿದ. “ಅವತ್ತು ನಿನ್ನ ಬಾಯಿಂದ ಒಂದೇ ಒಂದು ಕೆಮ್ಮು ಹೊರಗೆ ಬಂದ್ರೆ ಸಂಜೆಯೊಳಗೆ ಲೈನ್ ಮನೆ ಖಾಲಿ. ನೀನು, ನಿನ್ನ ಹೆಂಡ್ತಿ, ನಿನ್ನ ಪಾತ್ರೆ ಪಡಗ ಎಲ್ಲ ರಸ್ತೆಗೆ. ಕ್ಷಯದೋರ್ನ ಸಾಕೋಕೆ ಇದು ಛತ್ರ ಅಲ್ಲ.”

“ಕ್ಷಯ ಅಲ್ಲ ಸ್ವಾಮಿ. ಆ ಪುಡಿ...”

“ಪುಡಿ ಅಂತೆ ಪುಡಿ! ಕಂಡಲ್ಲಿ ಉಗಿಯೋದು, ಬೀಡಿ ಸೇದೋದು, ಹಂದಿಗಳ ಹಂಗೆ ಒಂದೇ ಕೋಣೇಲಿ ಬಿದ್ಕೊಳ್ಳೋದು, ಆಮೇಲೆ ರೋಗ ಬಂತು ಅಂದ್ರೆ ಪುಡಿ ಮೇಲೆ ಹಾಕೋದು. ಎದ್ದು ಹೋಗೋ. ಮುಂದಿನವನು!”

ನನ್ನ ತಮ್ಮ ಬೀಡಿ ಮುಟ್ಟಿದವನಲ್ಲ. ಒಂದೇ ಕೋಣೆಯಲ್ಲಿ ಬಿದ್ದುಕೊಳ್ಳುವುದು ಮಾತ್ರ ನಿಜ, ಏಕೆಂದರೆ ಧಣಿ ಕಟ್ಟಿಸಿದ ಲೈನ್ ಮನೆಗಳಲ್ಲಿ ಇರುವುದೇ ಒಂದು ಕೋಣೆ. ಎರಡನೆಯದನ್ನು ನಾವೇನು ತಲೆದಿಂಬಿನ ಕೆಳಗೆ ಬಚ್ಚಿಟ್ಟಿದ್ದೇವೆಯೇ?

ಬಿಳಿ ಕಲ್ಲನ್ನು ಅರೆದು ಹಿಟ್ಟಿಗಿಂತ ನುಣ್ಣಗೆ ಮಾಡುವುದು ನಮ್ಮ ಗಿರಣಿಯ ಕೆಲಸ. ಆ ಪುಡಿ ಎಲ್ಲೆಲ್ಲೋ ಹೋಗಿ ಗಾಜಾಗುತ್ತದೆ, ಪಿಂಗಾಣಿಯಾಗುತ್ತದೆ, ದೊಡ್ಡವರ ಬಚ್ಚಲಿನ ಟೈಲ್ಸ್ ಆಗುತ್ತದೆ. ಅರೆಯುವ ಯಂತ್ರದ ಮೇಲೆ ನೀರು ಚಿಮುಕಿಸುವ ಕೊಳವೆಗಳಿವೆ. ನೀರು ಬಿಟ್ಟರೆ ಪುಡಿ ಮೇಲೇಳುವುದಿಲ್ಲ, ಆದರೆ ಗಂಟುಕಟ್ಟುತ್ತದೆ, ಒಣಗಿಸಲು ಎರಡು ದಿನ ಬೇಕು. ಎರಡು ದಿನ ಕಾಯುವಷ್ಟು ತಾಳ್ಮೆ ನಮ್ಮ ಧಣಿಗೆ ಅವರಮ್ಮ ಹೆತ್ತಾಗಲೇ ಕೊಟ್ಟಿರಲಿಲ್ಲ. ಹಾಗಾಗಿ ಆ ನಲ್ಲಿಗಳು ವರ್ಷಕ್ಕೆ ಒಂದೇ ದಿನ, ತಪಾಸಣೆ ಸಾಹೇಬರು ಬರುವ ದಿನ ಬಾಯಿ ಬಿಡುತ್ತವೆ. ಉಳಿದ ದಿನ ನಾವು ಸೆರಗು, ಟವೆಲ್ಲು ಏನು ಸಿಕ್ಕಿದರೆ ಅದನ್ನು ನೆನೆಸಿ ಮೂಗಿಗೆ ಕಟ್ಟಿಕೊಳ್ಳುತ್ತೇವೆ. ಮಧ್ಯಾಹ್ನದ ಹೊತ್ತಿಗೆ ಆ ಬಟ್ಟೆ ಒಣಗಿದ ಹಪ್ಪಳದ ಹಾಗೆ ಗಟ್ಟಿಯಾಗುತ್ತದೆ.

ಸಾಹೇಬರ ಹತ್ತಿರ ಒಂದು ಪುಸ್ತಕವಿದೆ. ಹತ್ತು ಜನಕ್ಕಿಂತ ಹೆಚ್ಚು ಕೆಮ್ಮುವವರು ಕಂಡರೆ ಎಲ್ಲರನ್ನೂ ದೊಡ್ಡಾಸ್ಪತ್ರೆಗೆ ಕಳಿಸಿ ಎದೆಯ ಫೋಟೋ ತೆಗೆಸಬೇಕು, ನೀರು ಬಿಟ್ಟು ಅರೆಯುವ ತನಕ ಗಿರಣಿಗೆ ಬೀಗ ಹಾಕಬೇಕು ಎಂದು ಅದರಲ್ಲಿ ಬರೆದಿದೆ. ಇದನ್ನು ನಮಗೆ ಹೇಳಿದವನು ಮೇಸ್ತ್ರಿ, ಅದೂ ಕುಡಿದಾಗ. ಮರುದಿನ ಹೇಳೇ ಇಲ್ಲ ಎಂದು ಆಣೆ ಹಾಕಿದ.

ಅದಕ್ಕೇ ಇತ್ತು ಕೆಂಪು ಔಷಧಿ. ಐದು ಲೀಟರಿನ ಬಿಳಿ ಕ್ಯಾನಿನಲ್ಲಿ ಬರುತ್ತಿತ್ತು. ಪುದೀನದ ವಾಸನೆ, ಸಿಹಿ, ಕುಡಿದ ಅರ್ಧ ಗಂಟೆಗೆ ತಲೆ ಜೋಮು. ಸಾಹೇಬರು ಬರುವ ದಿನ ಬೆಳಿಗ್ಗೆ ಏಳಕ್ಕೆ ಎಲ್ಲರೂ ಸಾಲಾಗಿ ನಿಂತು ತಲೆಗೆ ಎರಡು ಮುಚ್ಚಳ ಕುಡಿಯಬೇಕು. ಮಧ್ಯಾಹ್ನದ ತನಕ ಕೆಮ್ಮು ಮಲಗಿಬಿಡುತ್ತಿತ್ತು. ಸಾಹೇಬರು ಹತ್ತಕ್ಕೆ ಬಂದು ಹನ್ನೊಂದೂವರೆಗೆ ಹೊರಡುತ್ತಿದ್ದರು. ಪೊರಕೆ ಹಿಡಿದ ನನ್ನ ಕೈಗೇ ಆ ಮುಚ್ಚಳವನ್ನೂ ಕೊಟ್ಟಿದ್ದರು. ಎಂಜಲು ಬಾಯಿಗಳ ಹತ್ತಿರ ಹೋಗಲು ಇನ್ಯಾರು ಒಪ್ಪುತ್ತಾರೆ?

ನಾವೂ ಎಂಥ ಪೆದ್ದರು ನೋಡಿ. ಔಷಧಿ ಅಂದಮೇಲೆ ಔಷಧಿಯೇ ಎಂದು ನಂಬಿದ್ದೆವು. ಕೆಮ್ಮು ನಿಂತರೆ ರೋಗ ವಾಸಿಯಾದಂತೆ ಎಂದು ತಿಳಿದಿದ್ದೆವು. ಗಂಡಸರಲ್ಲಂತೂ ಕೆಮ್ಮು ನುಂಗುವುದೇ ಒಂದು ಪೌರುಷವಾಗಿತ್ತು. ಕೆಮ್ಮಿದವನನ್ನು “ಏನೋ, ಹೆರಿಗೆ ನೋವಾ?” ಎಂದು ಆಡಿಕೊಳ್ಳುತ್ತಿದ್ದರು. ನನ್ನ ಗಂಡನಿಗೆ ಇಡೀ ಗಿರಣಿಯೇ ಇಟ್ಟ ಹೆಸರು ಗಟ್ಟಿಎದೆ. ಅವನು ಕೆಮ್ಮಿದ್ದನ್ನು ಯಾರೂ ಕೇಳಿರಲಿಲ್ಲ. ಹೇಗೆ ಕೇಳಿಯಾರು? ಬರೀ ತಪಾಸಣೆಯ ದಿನವಲ್ಲ, ದಿನಾ ಸಂಜೆ ಕೋಣೆ ಗುಡಿಸುವಾಗ ಆ ಕ್ಯಾನಿನಿಂದ ಒಂದು ಸಣ್ಣ ಬಾಟಲಿ ತುಂಬಿ ಸೊಂಟಕ್ಕೆ ಸಿಕ್ಕಿಸಿಕೊಂಡು ತಂದು ಅವನಿಗೆ ಕುಡಿಸುತ್ತಿದ್ದೆ. ಕದ್ದು ತಂದೆನಲ್ಲ ಎಂದು ಹೆಮ್ಮೆ ಬೇರೆ.

ಎರಡು ವರ್ಷದ ಹಿಂದೆ ತಪಾಸಣೆಯಲ್ಲಿ ಅವನ ಹೆಸರಿನ ಮುಂದೆ ‘ಆರೋಗ್ಯವಂತ’ ಎಂದು ಮುದ್ರೆ ಬಿತ್ತು. ಹನ್ನೊಂದನೇ ದಿನ ಜ್ವರದಲ್ಲಿ, ಉಸಿರು ಸಿಕ್ಕದೆ, ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಲ್ಲೇ ಸತ್ತ. ಡಾಕ್ಟರು ಬರೆದ: ಕ್ಷಯ, ಅಶುಚಿಯಾದ ಅಭ್ಯಾಸಗಳಿಂದ. ದಿನಕ್ಕೆ ಎರಡು ಸಲ ಮೈ ತಿಕ್ಕಿ ಸ್ನಾನ ಮಾಡುತ್ತಿದ್ದ ಗಂಡಸು ಅವನು. ಅದನ್ನು ಯಾರಿಗೆ ಹೇಳುವುದು?

ಈಗ ತಮ್ಮನಿಗೂ ಅದೇ ಕೆಮ್ಮು, ಅದೇ ಬೂದು ಎಂಜಲು. ಅವನು ಬದುಕಿರುವಾಗಲೇ ದೊಡ್ಡಾಸ್ಪತ್ರೆಯವರು ಅವನ ಎದೆ ನೋಡಬೇಕು, ನೋಡಿದ್ದನ್ನು ನೋಡಿದ ಹಾಗೆ ಬರೆಯಬೇಕು. ನನಗೆ ಬೇಕಾಗಿದ್ದು ಅಷ್ಟೇ.

ಮಂಗಳವಾರ ಡಾಕ್ಟರನ ಕೋಣೆ ಒರೆಸುತ್ತಿದ್ದೆ. ಧಣಿಯ ಮಗಳು ಬಂದು ಕೂತಿದ್ದಳು. ಡಾಕ್ಟರಾಗಲು ಓದುತ್ತಿದ್ದಾಳಂತೆ. ಗುರುವಾರ ಸಾಹೇಬರ ಮುಂದೆ ಕೂಲಿಯವರಿಗೆ ಆರೋಗ್ಯದ ಭಾಷಣ ಮಾಡಬೇಕು ಎಂದು ಧಣಿಯ ಆಸೆ. ಅದಕ್ಕೆ ಡಾಕ್ಟರು ಅವಳಿಗೆ ಪಾಠ ಒಪ್ಪಿಸಲು ಹೇಳುತ್ತಿದ್ದ. ಗೋಡೆಗೆ ಒಂದು ಪಟ ಬಿಗಿದಿದ್ದರು, ಅದರಲ್ಲಿ ಎರಡು ಶ್ವಾಸಕೋಶ, ತಲೆಕೆಳಗಾದ ಮರದಂತೆ ಅವುಗಳೊಳಗೆ ಕವಲೊಡೆದ ಕೊಳವೆಗಳು. ನನ್ನ ಒದ್ದೆ ಬಟ್ಟೆ ಹತ್ತಿರ ಬಂದಾಗ ಹುಡುಗಿ ಎರಡೂ ಕಾಲು ಮೇಲೆತ್ತಿದಳು, ದಾಟಿದ ಮೇಲೆ ಇಳಿಸಿದಳು. ಬೆಕ್ಕು ಹಾದುಹೋದರೂ ಜನ ಒಮ್ಮೆ ತಿರುಗಿ ನೋಡುತ್ತಾರೆ. ಅವಳು ನೋಡಲಿಲ್ಲ.

“ಮೂಗಿಂದ ಶುರು ಮಾಡಮ್ಮ,” ಅಂದ ಡಾಕ್ಟರು. ನಮಗೆ ಬೋಳಿಮಗ, ಅವಳಿಗೆ ಅಮ್ಮ.

“ಮೂಗಿನ ಕೂದಲು ದಪ್ಪ ಧೂಳನ್ನ ಅಲ್ಲೇ ತಡೀತವೆ ಅಂಕಲ್. ಅಲ್ಲಿಂದ ತಪ್ಪಿಸ್ಕೊಂಡಿದ್ದು ಶ್ವಾಸನಾಳದ ಗೋಡೆ ಮೇಲಿರೋ ಲೋಳೆಗೆ ಅಂಟ್ಕೊಳ್ಳುತ್ತೆ. ಧೂಳು, ರೋಗಾಣು ಎಲ್ಲಾನೂ. ಆ ಗೋಡೆ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಅವು ಹಗಲೂ ರಾತ್ರಿ ಆ ಲೋಳೇನ ಮೇಲಕ್ಕೆ, ಗಂಟಲ ಕಡೆಗೆ ಗುಡಿಸ್ತಾನೇ ಇರ್ತವೆ.”

“ಈ ಜನಕ್ಕೆ ಹಂಗಂದ್ರೆ ತಲೆಗೆ ಹೋಗಲ್ಲ. ಒಂದು ಉದಾಹರಣೆ ಕೊಡು.” ಡಾಕ್ಟರು ಕೋಣೆಯೆಲ್ಲ ಕಣ್ಣಾಡಿಸಿ ಬೂಟುಗಾಲನ್ನು ನನ್ನ ಕಡೆ ಚಾಚಿದ. “ಅಗೋ, ಇವಳ ಥರ ಅನ್ನು. ನಿಮ್ಮೊಳಗೂ ಕಸ ಗುಡಿಸೋರು ಇದಾರೆ ಅನ್ನು. ನಗ್ತಾರೆ, ನೆನಪೂ ಇಟ್ಕೊಳ್ತಾರೆ.”

ಇಬ್ಬರೂ ನಕ್ಕರು. ನಾನು ಬಟ್ಟೆ ಹಿಂಡಿದೆ.

“ಆಮೇಲೆ ಕೆಮ್ಮು,” ಹುಡುಗಿ ಮುಂದುವರಿಸಿದಳು. “ಕೆಮ್ಮು ಅಂದ್ರೆ ರೋಗ ಅಲ್ಲ, ಕಾವಲು. ಗುಡಿಸಿ ಸಾಲದೆ ಉಳಿದ ಕಸಾನ ಒಂದೇ ಏಟಿಗೆ ಹೊರಗೆ ಎಸೆಯೋದು ಅದು. ಕೊಳವೆ ಕೊನೇಲಿ ಪುಟ್ಟ ಪುಟ್ಟ ಗಾಳಿ ಚೀಲಗಳಿವೆ, ಅಲ್ಲಿ ಗುಡಿಸೋ ರೋಮ ಇಲ್ಲ. ಅಲ್ಲಿ ಕಾವಲಿರೋದು ನುಂಗೋ ಕಣಗಳು. ಅಷ್ಟು ದೂರ ಬಂದ ರೋಗಾಣುನ ನುಂಗಿ ಅರಗಿಸ್ಕೊಂಡುಬಿಡ್ತವೆ.”

“ಆ ನುಂಗೋ ಕಣ ಕಲ್ಲಿನ ಪುಡಿ ನುಂಗಿದ್ರೆ?”

“ಅರಗಲ್ಲ ಅಂಕಲ್. ನುಂಗಿದ ಕಣವೇ ಸಾಯುತ್ತೆ. ಅದರ ಹೊಟ್ಟೇಲಿದ್ದ ಪುಡಿ ಹೊರಗೆ ಬೀಳುತ್ತೆ, ಇನ್ನೊಂದು ಬಂದು ನುಂಗುತ್ತೆ, ಅದೂ ಸಾಯುತ್ತೆ. ಹಂಗೇ ಆ ಜಾಗ ಗಾಯವಾಗಿ ಗಟ್ಟಿಯಾಗ್ತಾ ಹೋಗುತ್ತೆ. ಕಾವಲು ಸತ್ತ ಮೇಲೆ ಕ್ಷಯದ ರೋಗಾಣು ಬಂದು ಆರಾಮಾಗಿ ಕೂರುತ್ತೆ. ಅದಕ್ಕೇ ಕಲ್ಲುಪುಡಿ ಕೆಲಸದವರಲ್ಲಿ ಕ್ಷಯ ಜಾಸ್ತಿ.”

“ಎದೆ ತುಂಬ ಕಫ ಇರೋನಿಗೆ ಕೆಮ್ಮು ಅಡಗಿಸೋ ಔಷಧಿ ಕೊಡಬಹುದಾ?”

“ಕೊಡಬಾರ್ದು. ಕಫ ಒಳಗೇ ನಿಂತು ಕೊಳೆಯುತ್ತೆ, ಸೋಂಕು ಏರುತ್ತೆ.”

“ಭೇಷ್! ನೂರಕ್ಕೆ ನೂರು!” ಡಾಕ್ಟರು ಮೇಜು ಗುದ್ದಿದ. ಗುದ್ದಿದ ರಭಸಕ್ಕೆ ಅದೇ ಮೇಜಿನ ಮೇಲಿದ್ದ ಕೆಂಪು ಔಷಧಿಯ ಕ್ಯಾನು ಕುಲುಕಾಡಿತು. “ಆದ್ರೆ ಈ ಕಡೇ ಎರಡು ಮಾತು ಪರೀಕ್ಷೆಗೆ ಮಾತ್ರ ಇಟ್ಕೊ. ಗುರುವಾರ ಬಿಟ್ಬಿಡು. ಈ ಜನಕ್ಕೆ ಅಷ್ಟೆಲ್ಲ ಯಾಕೆ?”

“ಸರಿ ಅಂಕಲ್,” ಎಂದು ಹುಡುಗಿ ಪೆನ್ಸಿಲ್ ತೆಗೆದು ತನ್ನ ಹಾಳೆಯ ಕೊನೆಯ ಸಾಲುಗಳನ್ನು ಹೊಡೆದುಹಾಕಿದಳು. ಯಾಕೆ ಎಂದು ಕೇಳಲಿಲ್ಲ. ಕ್ಯಾನಿನ ಕಡೆಗೂ ನೋಡಲಿಲ್ಲ. ಅಷ್ಟು ಓದಿದವಳಿಗೆ ಎದುರಿಗಿದ್ದದ್ದು ಕಾಣಲಿಲ್ಲವಲ್ಲ, ಓದು ಅಂದರೆ ಇದೇ ಇರಬೇಕು ಅಂದುಕೊಂಡೆ.

ಬಕೆಟ್ ಎತ್ತಿಕೊಂಡು ಹಿಂದಿನ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು, ಆ ಸದ್ದಿನಲ್ಲಿ ಅತ್ತೆ. ನನ್ನ ಗಂಡನ ಎದೆಯೊಳಗೆ ಉಳಿದಿದ್ದ ಕಟ್ಟಕಡೆಯ ಕಾವಲುಗಾರನ ಕತ್ತು ಹಿಸುಕಿದವಳು ನಾನೇ. ದಿನಾ ಸಂಜೆ, ಸೊಂಟದಲ್ಲಿ ಕದ್ದು ತಂದು, ಕೈಯಾರೆ ಕುಡಿಸಿದ್ದೆ. ಕುಡಿದು ಅವನು “ನೀನಿಲ್ಲದಿದ್ರೆ ನಾನು ಯಾವತ್ತೋ ಹೋಗ್ಬಿಡ್ತಿದ್ದೆ ಕಣೇ” ಅನ್ನುತ್ತಿದ್ದ.

ಸಂಜೆ ತಮ್ಮನ ಮನೆಗೆ ಹೋಗಿ ಕೇಳಿದ್ದನ್ನೆಲ್ಲ ಹೇಳಿದೆ. ತಮ್ಮನ ಹೆಂಡತಿ ಒಲೆಯ ಮುಂದೆ ಕೂತವಳು ಎದ್ದು ಬಾಗಿಲು ಹಾಕಿದಳು.

“ನಂಗೆ ಅದೆಲ್ಲ ಬೇಡ ಅಕ್ಕ,” ಅಂದ ತಮ್ಮ. “ಗುರುವಾರ ಎರಡಲ್ಲ, ನಾಲ್ಕು ಮುಚ್ಚಳ ಹಾಕು. ಆ ಒಂದು ದಿನ ದಾಟಿದ್ರೆ ಸಾಕು.”

“ಹಾಕಲ್ಲ.”

“ಮನೆ ಖಾಲಿ ಮಾಡಿ ಅಂದ್ರೆ ಎಲ್ಲಿಗೆ ಹೋಗೋದು ಅತ್ತಿಗೆ?” ಅಂದಳು ಅವನ ಹೆಂಡತಿ. “ಇವರನ್ನ ಈ ಸ್ಥಿತೀಲಿ ಎಲ್ಲಿ ಮಲಗಿಸ್ಲಿ, ಮೋರಿ ಪಕ್ಕದಲ್ಲಾ?”

“ಭಾವನಿಗೆ ಬಾಟ್ಲಿಗಟ್ಟಲೆ ಕುಡಿಸ್ದೆ. ಸ್ವಂತ ತಮ್ಮ ಕೇಳಿದ್ರೆ ಪುರಾಣ ಹೇಳ್ತೀಯಾ? ಥೂ, ನೀನೂ ಒಬ್ಬಳು ಅಕ್ಕ!”

“ಕುಡಿಸ್ದೆ ಕಣೋ. ಕುಡಿಸಿದ್ದಕ್ಕೇ ಅವನು ಅಷ್ಟು ಬೇಗ ಹೋದ!” ಕಿರುಚಿಬಿಟ್ಟೆ. “ಇನ್ನೊಬ್ಬನಿಗೆ ಕುಡಿಸು ಅಂತೀಯಲ್ಲ, ನಿನ್ನ ಬಾಯಿಗೆ ಮಣ್ಣು ಹಾಕ!”

ಅವನು ಏನೋ ಅನ್ನಲು ಬಾಯಿ ತೆರೆದ, ಕೆಮ್ಮು ನುಗ್ಗಿತು. ಅಭ್ಯಾಸದಂತೆ ಎರಡೂ ಕೈ ಬಾಯಿಗೆ ಹೋದವು. ನಾನು ಆ ಕೈಗಳನ್ನು ಹಿಡಿದು ಕೆಳಗಿಳಿಸಿದೆ. “ತಡೀಬೇಡ. ಕೆಮ್ಮು. ಪೂರ್ತಿ ಕೆಮ್ಮು,” ಎಂದು ಬೆನ್ನು ತಟ್ಟಿದೆ. ಹುಟ್ಟಿದಾಗಿನಿಂದ ಅವನಿಗೆ ಹಾಗೆ ಹೇಳಿದವರು ಯಾರೂ ಇರಲಿಲ್ಲ. ಮಂಡಿಯ ಮೇಲೆ ಬಗ್ಗಿ, ಕಣ್ಣಲ್ಲಿ ನೀರು ಬರುವ ತನಕ ಕೆಮ್ಮಿದ. ಅವನ ಹೆಂಡತಿ ಹಿಡಿದ ತಗಡಿನ ಮುಚ್ಚಳದಲ್ಲಿ ಸಿಮೆಂಟಿನ ಗಾರೆಯಂಥದ್ದು ಬಿತ್ತು, ನಡುವೆ ಒಂದು ಎಳೆ ಕೆಂಪು. ಆಮೇಲೆ ಬಹಳ ಹೊತ್ತು ಗೋಡೆಗೊರಗಿ ಕೂತಿದ್ದ. ಉಸಿರಿನ ಸುಯ್ ಸದ್ದು ಸ್ವಲ್ಪ ಇಳಿದಿತ್ತು.

“ಹಾಳಾದ್ದು, ಹಗುರ ಆಯ್ತಲ್ಲೇ ಅಕ್ಕ,” ಅಂದ.

ಅವನ ಹೆಂಡತಿ ಆ ಮುಚ್ಚಳವನ್ನೇ ನೋಡುತ್ತಿದ್ದಳು. “ಇದನ್ನೆಲ್ಲ ಇಷ್ಟು ದಿನ ಒಳಗೇ ಇಟ್ಕೊಂಡಿದ್ರಾ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಸೆರಗಿನಿಂದ ಅವನ ಬಾಯಿ ಒರೆಸಿದಳು.

ಬುಧವಾರ ಸಂಜೆ ಡಾಕ್ಟರನ ಕೋಣೆ ಗುಡಿಸಿ, ಕ್ಯಾನನ್ನು ಬಚ್ಚಲಿಗೆ ಒಯ್ದು ಐದು ಲೀಟರನ್ನೂ ಮೋರಿಗೆ ಸುರಿದೆ. ಅರ್ಧ ಗಂಟೆ ಮೋರಿಯೆಲ್ಲ ಪುದೀನ ನಾರಿತು. ಕ್ಯಾನಿಗೆ ಹಾಲಿಲ್ಲದ ಚಹಾ ತುಂಬಿ ಬಿಗಿಯಾಗಿ ಮುಚ್ಚಳ ಹಾಕಿ ಮೊದಲಿದ್ದ ಜಾಗದಲ್ಲೇ ಇಟ್ಟೆ.

ಗುರುವಾರ ಏಳಕ್ಕೆ ನಲವತ್ತಮೂರು ಜನ ಸಾಲು ನಿಂತರು. ಮೇಸ್ತ್ರಿ ಹತ್ತು ಹೆಜ್ಜೆ ದೂರದಲ್ಲಿ ಬಾಗಿಲಿಗೊರಗಿ ಹಲ್ಲು ಕೆದಕುತ್ತಿದ್ದ. ಮೊದಲು ಬಂದವನು ಗುಡುಗಜ್ಜ. ಅವನು ಕೆಮ್ಮಿದರೆ ಪಕ್ಕದ ಲೈನಿನ ನಾಯಿ ಎದ್ದು ಬೊಗಳುತ್ತದೆ, ಅದಕ್ಕೇ ಆ ಹೆಸರು. ಒಂದು ಮುಚ್ಚಳ ಬಾಯಿಗೆ ಹಾಕಿಕೊಂಡವನೇ ಹುಬ್ಬೇರಿಸಿದ.

“ಏನೇ ಇದು, ಚಹಾ!”

“ಮೆತ್ತಗೆ ಅಜ್ಜ. ಕೆಂಪಿಂದು ಮೋರಿಗೆ ಹೋಯ್ತು. ಅದು ಔಷಧಿ ಅಲ್ಲ, ನಮ್ಮ ಉಸಿರಿಗೆ ಉರುಲು. ಇವತ್ತು ಬಂದ ಕೆಮ್ಮನ್ನ ಬಂದ ಹಂಗೇ ಬಿಟ್ಬಿಡಿ. ಬೇಡ ಅನ್ನೋರು ಹೋಗಿ ಡಾಕ್ಟ್ರಿಗೆ ಹೇಳ್ಲಿ, ನಾನೇನೂ ಓಡಿಹೋಗಲ್ಲ.”

ಅಜ್ಜ ನನ್ನ ಮುಖವನ್ನು ಒಂದು ಗಳಿಗೆ ನೋಡಿದ. ಆಮೇಲೆ ಎರಡನೇ ಮುಚ್ಚಳಕ್ಕೆ ಕೈ ಚಾಚಿದ. “ಸಕ್ಕರೆ ಕಮ್ಮಿ ಆಯ್ತು,” ಎಂದು ಮೀಸೆ ಒರೆಸಿಕೊಂಡು ಹೋದ.

ಒಬ್ಬೊಬ್ಬರಿಗೂ ಅದನ್ನೇ ಹೇಳಿದೆ. ಕೆಲವರು ಬೆಚ್ಚಿದರು, ಕೆಲವರು ಸುಮ್ಮನೆ ಕುಡಿದರು, ಒಬ್ಬ ನನ್ನ ಅಮ್ಮನನ್ನೂ ಸೇರಿಸಿ ಬೈದು ಕುಡಿದ. ಚೀಲ ತುಂಬುವ ಹೆಂಗಸೊಬ್ಬಳು “ನನ್ನ ಗತಿ ಏನೇ ಅಕ್ಕ?” ಎಂದು ಕೈ ಹಿಡಿದಳು. “ನನ್ನ ಗತೀನೇ ನಿನಗೂ,” ಅಂದೆ. ಅದರಲ್ಲಿ ಧೈರ್ಯ ಹೇಳುವಂಥದ್ದು ಏನಿತ್ತೋ, ಅವಳು ಕುಡಿದು ಹೋದಳು. ನಲವತ್ತಮೂರರಲ್ಲಿ ಒಬ್ಬರೂ ಡಾಕ್ಟರನ ಬಾಗಿಲಿಗೆ ಹೋಗಲಿಲ್ಲ. ಕೊನೆಯಲ್ಲಿ ತಮ್ಮ ಬಂದ.

“ಇನ್ನೊಂದು ಮುಚ್ಚಳ ಹಾಕು ಅಕ್ಕ. ಚೆನ್ನಾಗಿದೆ,” ಅಂದ.

ಹತ್ತಕ್ಕೆ ಸಾಹೇಬರ ಕಾರು ಬಂತು. ಯಂತ್ರಗಳನ್ನು ನಿಲ್ಲಿಸಿದ್ದರು. ನಲ್ಲಿಗಳಿಂದ ನೀರು ಸುರಿಯುತ್ತಿತ್ತು. ನಮ್ಮೆಲ್ಲರ ಕೊರಳಿಗೆ ಹೊಸ ಮೂಗುಪಟ್ಟಿ ಕಟ್ಟಿಸಿದ್ದರು. ಸಾಹೇಬರು ಹೋದ ಮೇಲೆ ಮೇಸ್ತ್ರಿ ಅವನ್ನು ಎಣಿಸಿ ವಾಪಸು ಬೀರುವಿಗೆ ಇಡುತ್ತಾನೆ, ಮುಂದಿನ ವರ್ಷಕ್ಕೆ. ಅಂಗಳದಲ್ಲಿ ಮೇಜು, ಮೇಜಿಗೆ ಬಿಳಿ ಬಟ್ಟೆ, ಹಿಂದೆ ಶ್ವಾಸಕೋಶದ ಪಟ. ಮೇಜಿನ ಆಚೆ ಧಣಿ, ಸಾಹೇಬರು, ಡಾಕ್ಟರು. ಈಚೆ ನಮ್ಮ ಜನ, ನೆಲದ ಮೇಲೆ. ಪಕ್ಕದಲ್ಲಿ ಪೊರಕೆ ಹಿಡಿದು ನಿಂತವಳು ನಾನು.

ಹುಡುಗಿ ಚೆನ್ನಾಗಿಯೇ ಮಾತಾಡಿದಳು. ಮೂಗಿನ ಕೂದಲು ಅಂದಳು, ಲೋಳೆ ಅಂದಳು. “ನಿಮ್ಮೊಳಗೂ ಕಸ ಗುಡಿಸೋರು ಇದಾರೆ, ಅಗೋ ಅಲ್ಲಿ ನಿಂತಿದಾಳಲ್ಲ, ಅವಳ ಥರ,” ಅಂದಳು. ಧಣಿ ನಕ್ಕ. ನುಂಗುವ ಕಣಗಳ ತನಕ ಬಂದು, “ಹೀಗೆ ದೇವರು ನಮ್ಮ ದೇಹವನ್ನ ಕೋಟೆ ಥರ ಕಟ್ಟಿದಾನೆ. ನಾವು ಶುಚಿಯಾಗಿದ್ರೆ ಯಾವ ರೋಗವೂ ಹತ್ತಿರ ಬರಲ್ಲ,” ಎಂದು ಹಾಳೆ ಮಡಿಚಿದಳು. ಮೇಜಿನ ಆಚೆ ಇದ್ದವರು ಚಪ್ಪಾಳೆ ತಟ್ಟಿದರು.

ಡಾಕ್ಟರು ಎದ್ದು ಕೈ ಬೀಸಿದ. “ನೋಡಿ ಸಾರ್. ನಲವತ್ತಮೂರು ಜನ. ಕಲ್ಲುಪುಡಿ ಗಿರಣಿ ಅಂತ ಹೊರಗೆ ಏನೇನೋ ಮಾತಾಡ್ತಾರೆ. ಅರ್ಧ ಗಂಟೆಯಿಂದ ಕೂತಿದೀವಿ, ಒಂದು ಕೆಮ್ಮು ಕೇಳಿದ್ರಾ?”

ನಿಜವೇ. ನಮ್ಮ ಜನಕ್ಕೆ ಕೆಮ್ಮು ನುಂಗುವುದು ಎಷ್ಟು ರೂಢಿಯಾಗಿತ್ತೆಂದರೆ ಔಷಧಿ ಇಲ್ಲದೆಯೂ ನುಂಗುತ್ತಾ ಕೂತಿದ್ದರು. ಕತ್ತಿನ ನರ ಉಬ್ಬಿತ್ತು, ಕಣ್ಣು ಕೆಂಪಾಗಿದ್ದವು, ಆದರೂ ಸದ್ದಿಲ್ಲ. ಅಯ್ಯೋ ದರಿದ್ರ ಮುಂಡೇಮಕ್ಕಳಾ, ಮೋರಿಗೆ ಸುರಿದಿದ್ದೂ ದಂಡವಾಯಿತಲ್ಲ ಎಂದು ಒಳಗೊಳಗೇ ಬೈದುಕೊಂಡೆ.

ಆಗ ಗುಡುಗಜ್ಜ ಕೆಮ್ಮಿದ.

ಮೂಗುಪಟ್ಟಿ ಕಿತ್ತು ಎಸೆದು, ಎರಡೂ ಕೈ ನೆಲಕ್ಕೆ ಊರಿ, ಪಕ್ಕದ ಲೈನಿನ ನಾಯಿ ಎದ್ದು ಬೊಗಳುವ ಹಾಗೆ ಕೆಮ್ಮಿದ. ಅವನ ಪಕ್ಕದವನು ತಡೆಯಲಾರದೆ ಕೆಮ್ಮಿದ. ಚೀಲ ತುಂಬುವ ಹೆಂಗಸು ಕೆಮ್ಮಿದಳು. ಆಮೇಲೆ ಎಣಿಸುವುದು ಆಗಲಿಲ್ಲ. ವರ್ಷಗಟ್ಟಲೆ ನುಂಗಿದ್ದೆಲ್ಲ ಒಟ್ಟಿಗೆ ಮೇಲೆ ಬಂತು. ಕೆಲವರು ಕೂತಲ್ಲೇ ಬಗ್ಗಿದರು, ಕೆಲವರು ಎದ್ದು ಒಬ್ಬರ ಬೆನ್ನನ್ನೊಬ್ಬರು ಹಿಡಿದರು. ಸಾಹೇಬರು ಕುರ್ಚಿಯ ಸಮೇತ ಹಿಂದೆ ಸರಿದರು.

“ಬಾಯಿ ಮುಚ್ರೋ! ಮುಚ್ರೋ ನಾಯಿಗಳಾ!” ಡಾಕ್ಟರು ಕೂಗಿದ. ಯಾರ ಬಾಯಿ ಮುಚ್ಚಬೇಕೆಂದು ಅವನಿಗೇ ತಿಳಿಯದೆ ಸುತ್ತಲೂ ನೋಡಿದ. “ಕ್ಷಯ ಸಾರ್, ಕ್ಷಯ. ಇವರ ಗಲೀಜಿಂದ ಇವರೇ ತಂದ್ಕೊಂಡಿದ್ದು. ನಾನು ಎಷ್ಟು ಹೇಳಿದ್ರೂ...”

ನಾನು ಪೊರಕೆ ಹಿಡಿದೇ ಮೇಜಿನ ಹತ್ತಿರ ಹೋದೆ.

“ತಾಯಿ,” ಎಂದು ಹುಡುಗಿಯನ್ನು ಕರೆದೆ. “ಮಂಗಳವಾರ ಹೇಳಿದ್ಯಲ್ಲ, ಕಡೇ ಎರಡು ಮಾತು. ಅದನ್ನ ಬಿಟ್ಬಿಟ್ಟೆ. ನುಂಗೋ ಕಣ ಕಲ್ಲಿನ ಪುಡಿ ನುಂಗಿದ್ರೆ ಏನಾಗುತ್ತೆ? ಸಾಹೇಬ್ರಿಗೆ ಹೇಳು.”

ಹುಡುಗಿಯ ಬಾಯಿ ತೆರೆಯಿತು. ಅವಳು ಅಪ್ಪನ ಮುಖ ನೋಡಿದಳು. ಧಣಿ ನೋಡಿದ ನೋಟಕ್ಕೆ ಬಾಯಿ ಮುಚ್ಚಿಕೊಂಡಿತು. ನೂರಕ್ಕೆ ನೂರು ತೆಗೆದುಕೊಂಡ ಬಾಯಿ ಅದು.

“ಈ ಹೆಂಗ್ಸಿಗೆ ತಲೆ ಕೆಟ್ಟಿದೆ ಸಾರ್. ಗಂಡ ಸತ್ತಾಗಿಂದ ಹಿಂಗೇ,” ಅಂದ ಡಾಕ್ಟರು.

“ಹಂಗಾದ್ರೆ ತಲೆ ಕೆಟ್ಟೋಳೇ ಹೇಳ್ತೀನಿ ಕೇಳಿ ಸ್ವಾಮಿ. ಪುಡಿ ನುಂಗಿದ ಕಾವಲುಗಾರ ಸಾಯ್ತಾನೆ. ಅವನು ಸತ್ತ ಮೇಲೆ ಕ್ಷಯ ಒಳಗೆ ಬರುತ್ತೆ. ಮೊದಲು ಪುಡಿ, ಆಮೇಲೆ ರೋಗ. ಉಳಿದಿದ್ದ ಒಂದು ಕೆಮ್ಮು, ಅದನ್ನೂ ಇವರು ಔಷಧಿ ಹಾಕಿ ಮಲಗಿಸ್ತಿದ್ರು, ನಿಮಗೆ ಕೇಳಿಸ್ಬಾರ್ದು ಅಂತ. ಎರಡು ಮುಚ್ಚಳ. ಕೊಡ್ತಾ ಇದ್ದೋಳು ನಾನೇ. ಇವತ್ತು ಕೊಡ್ಲಿಲ್ಲ.”

ಮೇಸ್ತ್ರಿ ನನ್ನ ರಟ್ಟೆ ಹಿಡಿದು ಎಳೆದ. ಅಷ್ಟರಲ್ಲಿ ತಮ್ಮ ಎದ್ದು ಬಂದಿದ್ದ. ಒಂದೊಂದು ಹೆಜ್ಜೆಗೂ ನಿಂತು ಉಸಿರು ತೆಗೆದುಕೊಂಡು ಬಂದ. ಅವನ ಹೆಂಡತಿ ಹಿಂದಿನಿಂದ ಅವನ ಸೊಂಟ ಹಿಡಿದಿದ್ದಳು. ಮೇಜಿನ ಅಂಚಿಗೆ ಎರಡೂ ಅಂಗೈ ಊರಿ, ಬಗ್ಗಿ, ತಡೆಯದೆ, ಪೂರ್ತಿ ಕೆಮ್ಮಿದ. ಬಿಳಿ ಬಟ್ಟೆಯ ನಡುಮಧ್ಯದಲ್ಲಿ, ಸಾಹೇಬರ ಪುಸ್ತಕಕ್ಕೆ ಒಂದು ಗೇಣು ದೂರದಲ್ಲಿ ಅದು ಬಿತ್ತು. ಬೂದು, ದಪ್ಪ, ಒಳಗೆ ಕೆಂಪು.

“ಬರ್ಕೊಳ್ಳಿ ಸ್ವಾಮಿ,” ಅಂದ. “ಇದು ನನ್ನೊಳಗೆ ಇದ್ದಿದ್ದು. ಈ ಗಿರಣೀದು.”

“ಏಯ್!” ಡಾಕ್ಟರು ನನ್ನ ಕಡೆ ತಿರುಗಿದ. ಅವನ ದನಿ ಸೀಳಿತ್ತು. “ಏನೇ ನೋಡ್ತಾ ನಿಂತಿದೀಯ? ಒರೆಸೇ ಅದನ್ನ! ಬೇಗ!”

ಹದಿನೆಂಟು ವರ್ಷದಿಂದ ಆ ಮಾತು ಕೇಳಿದರೆ ನನ್ನ ಸೊಂಟ ತಾನಾಗಿಯೇ ಬಗ್ಗುತ್ತದೆ. ಈಗಲೂ ಸ್ವಲ್ಪ ಬಗ್ಗಿತು. ನನಗೇ ನಾಚಿಕೆಯಾಯಿತು. ನೆಟ್ಟಗೆ ನಿಂತೆ. ಸೊಂಟಕ್ಕೆ ಸಿಕ್ಕಿಸಿದ್ದ ಒರೆಸುವ ಬಟ್ಟೆಯನ್ನು ಎಳೆದು ಅವನ ಮುಂದೆ ಮೇಜಿನ ಮೇಲೆ ಹಾಕಿದೆ. ಪೊರಕೆಯನ್ನೂ ಅದರ ಪಕ್ಕದಲ್ಲಿಟ್ಟೆ.

“ಬೇಕಾದ್ರೆ ನೀನೇ ಒರೆಸ್ಕೊ,” ಅಂದೆ.

ಮೇಸ್ತ್ರಿ ಚೀಲ ತುಂಬುವವಳನ್ನು ಕರೆದ. ಅವಳು ಕೆಮ್ಮುತ್ತಾ ಬೇರೆ ಕಡೆ ನೋಡಿದಳು. ಇನ್ನೊಬ್ಬಳನ್ನು ಕರೆದ, ಅವಳೂ ಏಳಲಿಲ್ಲ. ಧಣಿ ಸಾಹೇಬರ ಕಡೆಗೆ ಬಗ್ಗಿ, “ಒಳಗೆ ಹೋಗಿ ಮಾತಾಡೋಣ ಬನ್ನಿ ಸಾರ್,” ಎಂದು ಮೆಲ್ಲಗೆ ಅಂದ. ಸಾಹೇಬರು ಪೆನ್ನಿನ ಮುಚ್ಚಳ ತೆಗೆದಿದ್ದರು. ಬರೆಯಲೂ ಇಲ್ಲ, ಮುಚ್ಚಲೂ ಇಲ್ಲ. ತಮ್ಮ ಮೇಜು ಹಿಡಿದುಕೊಂಡೇ ನಿಂತಿದ್ದ, ಆ ಪೆನ್ನನ್ನೇ ನೋಡುತ್ತಾ.

ಬಿಸಿಲು ಏರಿತ್ತು. ಬಟ್ಟೆಯ ಮೇಲಿದ್ದದ್ದು ಅಂಚಿನಿಂದ ಒಣಗುತ್ತಾ ಮತ್ತೆ ಗಿರಣಿಯ ಪುಡಿಯ ಹಾಗೆ ಬೆಳ್ಳಗಾಗುತ್ತಿತ್ತು. ಒಂದು ಸಣ್ಣ ಗಾಳಿ ಬಂದು ಪಟ ಅಲ್ಲಾಡಿತು. ಸಾಹೇಬರು, ಡಾಕ್ಟರು, ಧಣಿ, ಧಣಿಯ ಮಗಳು, ನಾಲ್ವರೂ ಒಟ್ಟಿಗೆ ಮೂಗು ಮುಚ್ಚಿಕೊಂಡರು.